ಹಿರಿಯರ ಸೊಂಟದ ಕೀಲು ಮುರಿದಾಗ: ಎಕ್ಸ್‌ರೇಯಿಂದ ವಾಕರ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಚ್ಚಲಲ್ಲಿ ಜಾರಿಯೋ ಹೊಸ್ತಿಲು ಎಡವಿಯೋ ಬಿದ್ದು ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದುಕೊಂಡ 60 ದಾಟಿದವರ ಬಗ್ಗೆ ಮನೆಯವರು, ನರ್ಸ್‌ಗಳು, ಕಿರಿಯ ವೈದ್ಯರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಇಷ್ಟು ದೊಡ್ಡ ಪ್ರಯೋಗಗಳು ನಡೆದ ಮುರಿತ ಬೇರೆ ಇಲ್ಲವೆಂದರೂ ನಡೆದೀತು. ಹಾಗಿದ್ದೂ ಎಷ್ಟೋ ವಾರ್ಡುಗಳಲ್ಲಿ ವಾಡಿಕೆ ಒಂದು ಕಡೆ, ಪುರಾವೆ ಇನ್ನೊಂದು ಕಡೆ. ಅವೆರಡೂ ಬೇರೆಯಾಗುವ ಕಡೆ ನಮ್ಮ ನಿಲುವನ್ನು ನೇರವಾಗಿ ಹೇಳಿದ್ದೇವೆ.

ಬಿದ್ದ ಕೂಡಲೇ, ಮುರಿದಿದೆಯೋ ಉಳುಕಿದೆಯೋ ತಿಳಿಯುವುದು ಹೇಗೆ?

ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿದ್ದರೆ ಮೂಳೆ ಮುರಿದು ಸರಿದಿದೆ ಎಂದೇ ತಿಳಿಯಿರಿ. ಆದರೆ ಮುರಿದ ಮೂಳೆ ಸರಿಯದೆ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಕಾಲು ನೋಡಲು ನೆಟ್ಟಗೇ ಇರುತ್ತದೆ. ಕೆಲವರು ಕುಂಟುತ್ತ ನಾಲ್ಕು ಹೆಜ್ಜೆ ನಡೆದೂಬಿಡುತ್ತಾರೆ. ತೊಡೆಸಂದಿನಲ್ಲಿ ನೋವು, ಮಲಗಿದಲ್ಲಿಂದ ಕಾಲನ್ನು ನೇರವಾಗಿ ಎತ್ತಲು ಆಗದಿರುವುದು, ಕಾಲನ್ನು ಮೆಲ್ಲನೆ ಒಳಕ್ಕೆ ಹೊರಕ್ಕೆ ತಿರುಗಿಸಿದರೆ ಚೀರುವಷ್ಟು ನೋವು, ಇವಿಷ್ಟಿದ್ದರೆ ಎಕ್ಸ್‌ರೇ ಆಗುವವರೆಗೂ ಮುರಿದಿದೆ ಎಂದೇ ನಡೆದುಕೊಳ್ಳಬೇಕು. ನೋವು ಮಂಡಿಯಲ್ಲಿ ಮಾತ್ರ ಕಾಣಿಸಿಕೊಂಡು ಮಂಡಿಯ ಎಕ್ಸ್‌ರೇ ತೆಗೆದು ಮನೆಗೆ ಕಳಿಸುವುದೂ ಉಂಟು.

ಎಕ್ಸ್‌ರೇ ಇಲ್ಲದ ಕಡೆ ಕೆಲಸಕ್ಕೆ ಬರುವ ಹಳೆಯ ಪರೀಕ್ಷೆಯೊಂದಿದೆ. ಹೊಟ್ಟೆಯ ಕೆಳತುದಿಯ ನಡುಮೂಳೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಎರಡೂ ಮಂಡಿಚಿಪ್ಪುಗಳನ್ನು ಒಂದಾದ ಮೇಲೊಂದರಂತೆ ಬೆರಳಿನಿಂದ ತಟ್ಟಿ ಕೇಳಿ. ಮುರಿದ ಕಡೆಯ ಸದ್ದು ಮಂಕಾಗಿರುತ್ತದೆ.

ಬಿದ್ದವರನ್ನು ಎತ್ತಿ ನಿಲ್ಲಿಸಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಎರಡು ಕಾಲುಗಳ ನಡುವೆ ದಿಂಬಿಟ್ಟು, 108ಕ್ಕೆ ಕರೆಮಾಡಿ, ಮಲಗಿಸಿಯೇ ಸಾಗಿಸಿ. ಆಟೋದಲ್ಲಿ ಕೂರಿಸಿ ಒಯ್ದರೆ ಸರಿಯದೆ ಇದ್ದ ಮೂಳೆಯೂ ಸರಿಯಬಹುದು, ಆಗ ಆಪರೇಷನ್ನಿನ ಬಗೆಯೇ ಬದಲಾಗುತ್ತದೆ. ಎಷ್ಟು ಹೊತ್ತು ನೆಲದ ಮೇಲೆ ಬಿದ್ದಿದ್ದರು, ಬೀಳುವ ಮುಂಚೆ ತಲೆಸುತ್ತು ಬಂದಿತ್ತೇ, ಇವೆರಡನ್ನೂ ವೈದ್ಯರಿಗೆ ತಪ್ಪದೆ ಹೇಳಿ. ರಾತ್ರಿಯೆಲ್ಲ ನೆಲದಲ್ಲಿ ಬಿದ್ದವರಿಗೆ ಮಾಂಸಖಂಡ ನಜ್ಜಾಗಿ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಆದರೂ ಅಮ್ಮನಿಗೆ ಕಾಲೂರಲು ಆಗುತ್ತಿಲ್ಲ. ಏನು ಮಾಡಬೇಕು?

ಮೊದಲು ಎಕ್ಸ್‌ರೇ ಸರಿಯಾಗಿ ತೆಗೆದಿದ್ದಾರೆಯೇ ನೋಡಬೇಕು. ಒಂದು ಕಡೆಯದಷ್ಟೇ ಸಾಲದು, ಎರಡೂ ಕೀಲು ಕಾಣುವಂತೆ ಪೂರ್ತಿ ಪೆಲ್ವಿಸ್ ಬೇಕು. ಪಾದಗಳನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆದಾಗ ತೊಡೆಮೂಳೆಯ ಕುತ್ತಿಗೆ, ಅಂದರೆ ಅದರ ಗುಂಡನೆಯ ತಲೆಯ ಕೆಳಗಿನ ಕಿರಿದಾದ ಭಾಗ, ಉದ್ದಕ್ಕೆ ಕಾಣುತ್ತದೆ. ಪಾದ ಹೊರಕ್ಕೆ ಬಿದ್ದಿರುವಾಗ ಹಾಗೇ ತೆಗೆದರೆ ಕುತ್ತಿಗೆ ಮೊಟಕಾಗಿ ಕಂಡು ಸಣ್ಣ ಬಿರುಕು ಮರೆಯಾಗುತ್ತದೆ. ಜೊತೆಗೆ ಪಕ್ಕದಿಂದ ಒಂದು ಚಿತ್ರ ಇರಲೇಬೇಕು. ನೋವೆಂದು ಇದನ್ನು ಕೈಬಿಡುವುದೇ ಹೆಚ್ಚು.

ಇಷ್ಟಾದರೂ ಕೆಲವರಲ್ಲಿ ಮುರಿತ ಎಕ್ಸ್‌ರೇಗೆ ಸಿಗುವುದಿಲ್ಲ. ಆಗ ಎಂಆರ್‌ಐ ಮಾಡಿಸಬೇಕು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ. 24 ಗಂಟೆಯೊಳಗೆ ಎಂಆರ್‌ಐ ಸಿಗದಿದ್ದರೆ, ಅಥವಾ ಪೇಸ್‌ಮೇಕರ್‌ನಂಥ ಅಡ್ಡಿ ಇದ್ದರೆ, ಸಿಟಿ. ಪೂರ್ತಿ ಎಂಆರ್‌ಐ ಬೇಕಿಲ್ಲ. ಎರಡೂ ಕೀಲು ಸೇರಿಸಿ ಮುಂಭಾಗದಿಂದ ತೆಗೆದ ಟಿ1 ಮತ್ತು ಸ್ಟಿರ್ ಎಂಬ ಎರಡು ಸರಣಿಗಳಲ್ಲಿ ಉತ್ತರ ಸಿಗುತ್ತದೆ: ಟಿ1ರಲ್ಲಿ ಕಪ್ಪು ಗೆರೆ, ಸ್ಟಿರ್‌ನಲ್ಲಿ ಅದರ ಸುತ್ತ ಬೆಳ್ಳನೆಯ ಊತ. ಇಷ್ಟೇ ಸಾಕೆಂದು ಮುಂಚೆಯೇ ಹೇಳಿದರೆ ಹಿರಿಯರು ಯಂತ್ರದೊಳಗೆ ಮಲಗಬೇಕಾದ ಹೊತ್ತು ಬಹಳ ಕಡಿಮೆಯಾಗುತ್ತದೆ. ಐಸೋಟೋಪ್ ಬೋನ್ ಸ್ಕ್ಯಾನ್ ಈಗ ಬೇಡ. ಹಿರಿಯರಲ್ಲಿ ಅದು ಮುರಿತ ತೋರಿಸಲು ಎರಡು ಮೂರು ದಿನ ಹಿಡಿಯಬಹುದು.

ಕ್ಯಾನ್ಸರ್ ಇದ್ದವರು, ಅಥವಾ ಮೂಳೆ ಗಟ್ಟಿಯಾಗಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ಹಲವು ವರ್ಷ ನುಂಗಿದವರು ಬಿದ್ದಾಗ ಮಂಡಿಯವರೆಗೂ ಪೂರ್ತಿ ತೊಡೆಮೂಳೆಯ ಎಕ್ಸ್‌ರೇ ತೆಗೆಸಿ. ಕೆಳಗೆ ಇನ್ನೊಂದು ಗಾಯ ಅಡಗಿದ್ದು, ಮೇಲೆ ಗಿಡ್ಡ ರಾಡ್ ಹಾಕಿದರೆ ಅದರ ತುದಿಯಲ್ಲೇ ಮತ್ತೆ ಮುರಿಯುತ್ತದೆ.

ಪಕ್ಕದ ಮನೆಯವರಿಗೆ ಬಾಲ್ ಹಾಕಿದರು, ನಮ್ಮವರಿಗೆ ರಾಡ್ ಎನ್ನುತ್ತಿದ್ದಾರೆ. ಯಾಕೆ ಹೀಗೆ?

ಮುರಿದ ಜಾಗ ಬೇರೆ. ತೊಡೆಮೂಳೆಯ ತಲೆಗೆ, ಅಂದರೆ ಕೀಲಿನೊಳಗೆ ಕೂರುವ ಗುಂಡು ಭಾಗಕ್ಕೆ, ರಕ್ತ ಹೋಗುವುದು ಬಹುಪಾಲು ಕೆಳಗಿನಿಂದ, ಕುತ್ತಿಗೆಯ ಹಿಂಬದಿಯನ್ನು ತಬ್ಬಿಕೊಂಡು ಏರುವ ಸಣ್ಣ ನಾಳಗಳಿಂದ. ಕುತ್ತಿಗೆ ಮುರಿದು ಸರಿದಾಗ ಆ ನಾಳಗಳು ಹರಿಯುತ್ತವೆ. ಸ್ಕ್ರೂ ಹಾಕಿ ಕೂಡಿಸಿದರೂ ಮೂಳೆ ಕೂಡದೆ ಹೋಗಬಹುದು, ಕೂಡಿದರೂ ರಕ್ತವಿಲ್ಲದ ಗುಂಡು ಒಂದೆರಡು ವರ್ಷದಲ್ಲಿ ಕುಸಿಯಬಹುದು. ಆದ್ದರಿಂದ ಹಿರಿಯರಲ್ಲಿ ಸರಿದ ಕುತ್ತಿಗೆಗೆ ಗುಂಡನ್ನೇ ತೆಗೆದು ಲೋಹದ ಬಾಲ್. ಕುತ್ತಿಗೆಯ ಕೆಳಗೆ, ಟ್ರೊಕ್ಯಾಂಟರ್ ಎಂಬ ಉಬ್ಬುಗಳ ನಡುವೆ ಮುರಿದರೆ ಅಲ್ಲಿ ರಕ್ತಸಂಚಾರ ಚೆನ್ನಾಗಿದೆ, ಮೂಳೆ ಕೂಡುತ್ತದೆ. ಅದು ಕೂಡುವವರೆಗೆ ಹಿಡಿದಿಡಲು ಪ್ಲೇಟ್ ಅಥವಾ ರಾಡ್.

ಕುತ್ತಿಗೆ ಮುರಿದೂ ಸರಿಯದಿದ್ದರೆ ಮಾತ್ರ ಹಿರಿಯರಲ್ಲೂ ಸ್ಕ್ರೂ ಹಾಕಿ ನೋಡುತ್ತಾರೆ. 2017ರಲ್ಲಿ ಪ್ರಕಟವಾದ ಫೇತ್ ಪ್ರಯೋಗದಲ್ಲಿ ಕುತ್ತಿಗೆಯ ಮುರಿತದ ಸಾವಿರಕ್ಕೂ ಹೆಚ್ಚು ಮಂದಿಗೆ ಬಿಡಿ ಸ್ಕ್ರೂಗಳನ್ನೋ ಜಾರುವ ಸ್ಕ್ರೂ-ಪ್ಲೇಟನ್ನೋ ಹಾಕಿ ಹೋಲಿಸಿದರು. ಎರಡರಲ್ಲೂ 2 ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಮತ್ತೊಂದು ಆಪರೇಷನ್ ಬೇಕಾಯಿತು. ಸ್ಕ್ರೂಗೆ ಒಪ್ಪುವ ಮುಂಚೆ ಮನೆಯವರು ಈ ಲೆಕ್ಕ ತಿಳಿದಿರಬೇಕು.

ಆಪರೇಷನ್ ಇಲ್ಲದೆ, ನಾಟಿ ಕಟ್ಟು ಕಟ್ಟಿಸಿದರೆ ಕೂಡುವುದಿಲ್ಲವೇ?

ಕೈಮೂಳೆಗೆ ಪಟ್ಟಿ ಕಟ್ಟಿದಂತೆ ಸೊಂಟದ ಕೀಲಿಗೆ ಕಟ್ಟಲು ಬರುವುದಿಲ್ಲ. ಸುತ್ತಲ ಸ್ನಾಯುಗಳು ದೇಹದಲ್ಲೇ ಅತ್ಯಂತ ಬಲವಾದವು, ಯಾವ ಕಟ್ಟನ್ನೂ ಮೀರಿ ಮೂಳೆಯನ್ನು ಮೇಲಕ್ಕೆಳೆಯುತ್ತವೆ. ಟ್ರೊಕ್ಯಾಂಟರ್ ಮುರಿತ 8ರಿಂದ 12 ವಾರ ಮಲಗಿದರೆ ಗಿಡ್ಡವಾಗಿ, ಸೊಟ್ಟವಾಗಿ ಕೂಡೀತು. ಆದರೆ ಆ ವಾರಗಳಲ್ಲೇ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು ಒಂದರ ಹಿಂದೊಂದು ಬರುತ್ತವೆ. ಈ ಮುರಿತದಲ್ಲಿ ಜೀವ ಹೋಗುವುದು ಸಾಮಾನ್ಯವಾಗಿ ಮೂಳೆಯಿಂದ ಅಲ್ಲ, ಹಾಸಿಗೆಯಿಂದ. ಆಪರೇಷನ್ನಿನ ಮೊದಲ ಉದ್ದೇಶ ಎದ್ದು ಕೂರಿಸುವುದು, ಮೂಳೆ ಕೂಡಿಸುವುದು ಅದರ ನಂತರದ್ದು.

ಎಷ್ಟು ಬೇಗ ಆಪರೇಷನ್ ಆಗಬೇಕು?

ದಾಖಲಾದ ದಿನ ಅಥವಾ ಮರುದಿನ. ಇಂಗ್ಲೆಂಡಿನಲ್ಲಿ 2010ರಿಂದ, 36 ಗಂಟೆಯೊಳಗೆ ಆಪರೇಷನ್ ಮಾಡಿ, ವೃದ್ಧರೋಗ ತಜ್ಞರಿಂದಲೂ ನೋಡಿಸಿದರೆ ಮಾತ್ರ ಆಸ್ಪತ್ರೆಗೆ ಹೆಚ್ಚುವರಿ ಹಣ ಕೊಡುವ ಪದ್ಧತಿ ಬಂತು. ಅಲ್ಲಿ 2007ರಿಂದ ಪ್ರತಿ ರೋಗಿಯ ವಿವರವನ್ನೂ ರಾಷ್ಟ್ರೀಯ ದಾಖಲೆಗೆ ಸೇರಿಸುತ್ತಾರೆ. 30 ದಿನದೊಳಗಿನ ಸಾವು ಆಗ ನೂರಕ್ಕೆ ಸುಮಾರು 11 ಇದ್ದದ್ದು 2018ರ ಹೊತ್ತಿಗೆ ಸುಮಾರು 6ಕ್ಕೆ ಇಳಿಯಿತು. ಈ ಅವಧಿಯಲ್ಲಿ ಪವಾಡದಂಥ ಹೊಸ ಇಂಪ್ಲಾಂಟ್ ಯಾವುದೂ ಬಂದಿಲ್ಲ. ಬದಲಾದದ್ದು ವ್ಯವಸ್ಥೆ.

ಇನ್ನೂ ಬೇಗ ಮಾಡಿದರೆ? ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಹಿಪ್ ಅಟ್ಯಾಕ್ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮುರಿತ ಗೊತ್ತಾದ ಮೇಲೆ ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್. ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಸನ್ನಿ (ಹಠಾತ್ ಬುದ್ಧಿಗೊಂದಲ), ಮೂತ್ರದ ಸೋಂಕು ಕಡಿಮೆ, ಎದ್ದು ನಿಂತದ್ದೂ ಮನೆಗೆ ಹೋದದ್ದೂ ಬೇಗ. ಇದನ್ನು ಓದಿ "24 ಗಂಟೆಯಾದರೂ ಪರವಾಗಿಲ್ಲ, ಹಾಗಾದರೆ 5 ದಿನವೂ ಪರವಾಗಿಲ್ಲ" ಎಂದು ಅರ್ಥಮಾಡಿಕೊಳ್ಳುವವರಿದ್ದಾರೆ. ಅಲ್ಲಿನ ನಿಧಾನದ ಗುಂಪೂ ನಮ್ಮ ಅನೇಕ ಆಸ್ಪತ್ರೆಗಳಿಗಿಂತ ವೇಗವಾಗಿತ್ತು ಎಂಬುದನ್ನು ಮರೆಯಬಾರದು.

ತಡಮಾಡಲು ಒಪ್ಪಬಹುದಾದ ಕಾರಣಗಳನ್ನು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ ಪಟ್ಟಿಮಾಡಿದೆ: ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ, ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 150 ಮೀರಿದ್ದು, ಪೊಟ್ಯಾಸಿಯಂ 2.8ಕ್ಕಿಂತ ಕಡಿಮೆ ಅಥವಾ 6 ಮೀರಿದ್ದು, ಹತೋಟಿಯಿಲ್ಲದ ಸಕ್ಕರೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು, ನಿಮಿಷಕ್ಕೆ 120 ಮೀರಿದ ಸರಿಪಡಿಸಬಹುದಾದ ತಾಳತಪ್ಪಿದ ಬಡಿತ, ದೇಹವೆಲ್ಲ ಹರಡಿದ ಎದೆಯ ಸೋಂಕು, ಸರಿಪಡಿಸಬಹುದಾದ ರಕ್ತಸ್ರಾವದ ದೋಷ. ಇವನ್ನು ಗಂಟೆಗಳ ಲೆಕ್ಕದಲ್ಲಿ ಸರಿಪಡಿಸಬೇಕು, ವಾರಗಟ್ಟಲೆ ಅಲ್ಲ. "ಎಕೋ (ಹೃದಯದ ಅಲ್ಟ್ರಾಸೌಂಡ್) ಆಗದೆ ಥಿಯೇಟರಿಗೆ ತೆಗೆದುಕೊಳ್ಳುವುದಿಲ್ಲ" ಎಂಬುದು ಈ ಪಟ್ಟಿಯಲ್ಲಿಲ್ಲ. ಹೃದಯದಲ್ಲಿ ಮರ್ಮರ ಕೇಳಿಸಿದರೆ ಎಕೋದಿಂದ ಅರಿವಳಿಕೆ ಕೊಡುವ ರೀತಿ ಬದಲಾದೀತು, ಮಾಡಿಸಲಿ. ಆದರೆ ಎಕೋ ತಜ್ಞರು ಸೋಮವಾರ ಬರುತ್ತಾರೆ ಎಂದು ಶುಕ್ರವಾರ ದಾಖಲಾದವರನ್ನು ಕಾಯಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಅಪ್ಪ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. 7 ದಿನ ಕಾಯಲೇಬೇಕೆ?

ಮಾತ್ರೆ ಯಾವುದೆಂಬುದರ ಮೇಲಿದೆ. ಆಸ್ಪಿರಿನ್ ಇದ್ದರೆ ಕಾಯುವುದೇ ಬೇಡ. ಕ್ಲೊಪಿಡೊಗ್ರೆಲ್‌ನ ಪ್ರಭಾವ ಇಳಿಯಲು 5ರಿಂದ 7 ದಿನ ಬೇಕು ನಿಜ, ಆದರೆ ಅಷ್ಟು ದಿನ ಮಲಗಿಸುವ ಅಪಾಯ ಹೆಚ್ಚು. ಬೆನ್ನಿನ ಇಂಜೆಕ್ಷನ್ ಬಿಟ್ಟು ಪೂರ್ಣ ಅರಿವಳಿಕೆಯಲ್ಲಿ ಮಾಡಬಹುದು. ವಾರ್ಫರಿನ್ ಅಥವಾ ಅಸಿಟ್ರೋಮ್ ಇದ್ದರೆ ವಿಟಮಿನ್ ಕೆ ಕೊಟ್ಟು, ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ಅಂಕಿಯನ್ನು 1.5ಕ್ಕಿಂತ ಕೆಳಗೆ ತಂದು ಮುಂದುವರಿಯುತ್ತಾರೆ. ಅಪಿಕ್ಸಬಾನ್, ರಿವರೊಕ್ಸಬಾನ್ ಆದರೆ ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದರು ಎಂಬುದೇ ಮುಖ್ಯ. ಮೂತ್ರಪಿಂಡ ಚೆನ್ನಾಗಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆ ಸಾಕು. ಆಸ್ಪತ್ರೆಗೆ ಬರುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಬನ್ನಿ. "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಎಂದರೆ ಯಾರಿಗೂ ತಿಳಿಯದು. ಸ್ಟೆಂಟ್ ಹಾಕಿದವರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಕಾಲಿಗೆ ತೂಕ ಕಟ್ಟಿ ಎಳೆದಿಟ್ಟಿದ್ದಾರೆ. ಅದರಿಂದ ನೋವು ಕಡಿಮೆಯಾಗುವುದೇ?

ಈ ಟ್ರಾಕ್ಷನ್ ನಮ್ಮಲ್ಲಿ ಬಹಳ ರೂಢಿ. ಆಪರೇಷನ್ನಿಗೆ ಮುಂಚೆ ತೂಕ ಕಟ್ಟಿದವರನ್ನೂ ಬರೀ ದಿಂಬಿಟ್ಟವರನ್ನೂ ಹೋಲಿಸಿದ ಪ್ರಯೋಗಗಳನ್ನು ಕೊಕ್ರೇನ್ ವಿಮರ್ಶೆ ಒಟ್ಟು ಸೇರಿಸಿ ನೋಡಿದೆ. ವಾಡಿಕೆಯಂತೆ ಎಲ್ಲರಿಗೂ ಕಟ್ಟುವುದರಿಂದ ನೋವಿಗಾಗಲಿ, ಮೂಳೆ ಸರಿಹೊಂದುವುದಕ್ಕಾಗಲಿ ಲಾಭವಿದೆಯೆಂಬ ಪುರಾವೆ ಸಿಗಲಿಲ್ಲ. ತೊಂದರೆ ಮಾತ್ರ ಕಣ್ಣಿಗೆ ಕಾಣುತ್ತದೆ: ಪಟ್ಟಿಯ ಕೆಳಗೆ ತೆಳು ಚರ್ಮ ಸುಲಿಯುತ್ತದೆ, ಮಂಡಿಯ ಹೊರಬದಿಯ ನರ ಅದುಮಿ ಪಾದ ಎತ್ತಲು ಬರದಂತಾಗುತ್ತದೆ, ಪಕ್ಕಕ್ಕೆ ಹೊರಳಿಸಲಾಗದೆ ಹಿಮ್ಮಡಿ ಮತ್ತು ಬೆನ್ನಿನ ಕೆಳಗೆ ಹುಣ್ಣು ಶುರುವಾಗುತ್ತದೆ.

ನೋವಿಗೆ ನಿಜವಾಗಿ ಕೆಲಸ ಮಾಡುವುದು ನರದ ಬ್ಲಾಕ್. ಅದನ್ನು ತುರ್ತು ವಿಭಾಗದಲ್ಲೇ ಕೊಡಬಹುದು. ಫೇಷಿಯಾ ಇಲಿಯಾಕಾ ಬ್ಲಾಕ್‌ಗೆ ಸೊಂಟದ ಮುಂಭಾಗದ ಎಲುಬಿನ ಮೊನೆಯಿಂದ ಗುಹ್ಯಮೂಳೆಯ ಉಬ್ಬಿನವರೆಗೆ ಗೆರೆ ಎಳೆದು, ಹೊರಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, 1 ಸೆಂ.ಮೀ. ಕೆಳಗೆ ಮೊಂಡು ಸೂಜಿ ಚುಚ್ಚುತ್ತಾರೆ. ಎರಡು ಪೊರೆ ದಾಟಿದ್ದು ಕೈಗೆ "ಟಪ್, ಟಪ್" ಎಂದು ತಿಳಿಯುತ್ತದೆ. ಅಲ್ಲಿ 30ರಿಂದ 40 ಮಿ.ಲೀ. ತೆಳು ಮಾಡಿದ ಮರಗಟ್ಟಿಸುವ ಔಷಧಿ, ತೂಕಕ್ಕೆ ತಕ್ಕ ಮಿತಿ ಮೀರದಂತೆ. ಅಲ್ಟ್ರಾಸೌಂಡ್ ಇದ್ದರೆ ಇನ್ನೂ ನಿಖರ. ಟೊರಾಂಟೊದ ತಂಡ 2018ರಲ್ಲಿ ವಿವರಿಸಿದ ಪೆಂಗ್ ಬ್ಲಾಕ್‌ಗೆ ಸುಮಾರು 20 ಮಿ.ಲೀ. ಸಾಕು, ತೊಡೆಯ ಸ್ನಾಯುಬಲವೂ ಹೆಚ್ಚು ಉಳಿಯುತ್ತದೆ. ಜೊತೆಗೆ 6 ಗಂಟೆಗೊಮ್ಮೆ 1 ಗ್ರಾಂ ಪ್ಯಾರಸಿಟಮಾಲ್, 50 ಕೆ.ಜಿ.ಗಿಂತ ಹಗುರಾದವರಿಗೆ ಪ್ರಮಾಣ ಇಳಿಸಬೇಕು. ಡೈಕ್ಲೊಫೆನಾಕ್ ಇಂಜೆಕ್ಷನ್ ಈ ವಯಸ್ಸಿನ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಟ್ರಮಡಾಲ್‌ನಿಂದ ವಾಂತಿ, ಗೊಂದಲ ಹೆಚ್ಚು.

ಬೆನ್ನಿಗೆ ಇಂಜೆಕ್ಷನ್ ಒಳ್ಳೆಯದೋ, ಪೂರ್ತಿ ಮಲಗಿಸುವುದೋ?

2021ರ ರೀಗೇನ್ ಪ್ರಯೋಗದಲ್ಲಿ 1,600 ಮಂದಿಯನ್ನು ಹೋಲಿಸಿದಾಗ, 60 ದಿನದಲ್ಲಿ ತೀರಿಕೊಂಡವರು ಅಥವಾ ನಡೆಯಲಾಗದವರು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 18. ಸನ್ನಿಯ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆ ಆಸ್ಪತ್ರೆಯ ಅರಿವಳಿಕೆ ವೈದ್ಯರಿಗೆ ಯಾವುದು ಪಳಗಿದೆಯೋ ಅದು. ಉಪವಾಸ ಮಾತ್ರ ಅತಿಯಾಗಬಾರದು: ಘನ ಆಹಾರ 6 ಗಂಟೆ ಮುಂಚೆ ನಿಲ್ಲಿಸಿ, ನೀರು 2 ಗಂಟೆ ಮುಂಚಿನವರೆಗೂ ಕೊಡಬಹುದು. ಹಿಂದಿನ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ನೀರೂ ಇಲ್ಲದೆ ಇಟ್ಟರೆ ರಕ್ತದೊತ್ತಡ ಕುಸಿಯಲು ನಾವೇ ದಾರಿ ಮಾಡಿಕೊಟ್ಟಂತೆ.

ಬಾಲ್‌ನಲ್ಲಿ ಮೂರು ನಾಲ್ಕು ಬಗೆ, ಬೆಲೆಯೂ ಬೇರೆ ಬೇರೆ. ಯಾವುದನ್ನು ಆರಿಸಬೇಕು?

ಇಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ, ಬಿಡಿಸಿ ನೋಡೋಣ.

ಮೊದಲನೆಯದು, ಅರ್ಧ ಕೀಲೋ ಪೂರ್ತಿಯೋ. ಗುಂಡನ್ನು ಮಾತ್ರ ಬದಲಿಸಿದರೆ ಅರ್ಧ, ಸೊಂಟದ ಬಟ್ಟಲನ್ನೂ ಬದಲಿಸಿದರೆ ಪೂರ್ತಿ. 2019ರ ಹೆಲ್ತ್ ಪ್ರಯೋಗದ 1,495 ರೋಗಿಗಳಲ್ಲಿ 2 ವರ್ಷದೊಳಗೆ ಮರು ಆಪರೇಷನ್ ಪೂರ್ತಿ ಕೀಲಿನವರಲ್ಲಿ ನೂರಕ್ಕೆ 7.9, ಅರ್ಧ ಕೀಲಿನವರಲ್ಲಿ 8.3. ನಡಿಗೆ, ನೋವಿನಲ್ಲಿ ಪೂರ್ತಿ ಕೀಲು ತುಸು ಮೇಲು, ಆದರೆ ರೋಗಿಗೆ ಅನುಭವಕ್ಕೆ ಬರುವಷ್ಟಲ್ಲ. ಬಿದ್ದ ದಿನದವರೆಗೂ ಹೆಚ್ಚೆಂದರೆ ಒಂದು ಕೋಲು ಹಿಡಿದು ತಾವೇ ಹೊರಗೆ ಓಡಾಡುತ್ತಿದ್ದ, ಬುದ್ಧಿ ಚುರುಕಾಗಿರುವ, ಮುಂದೆಯೂ ಹಲವು ವರ್ಷ ಸ್ವತಂತ್ರವಾಗಿ ಬಾಳುವವರಿಗೆ ಪೂರ್ತಿ ಕೀಲು ಯೋಚಿಸಬಹುದು. ಮನೆಯೊಳಗಷ್ಟೇ ನಡೆಯುವವರಿಗೆ ಅರ್ಧ ಸಾಕು.

ಎರಡನೆಯದು, ಬೈಪೋಲಾರ್ ಬೇಕೇ. ಬಾಲ್‌ನೊಳಗೆ ಇನ್ನೊಂದು ಬಾಲ್ ತಿರುಗುವಂತೆ ಮಾಡಿದರೆ ಬಟ್ಟಲು ಸವೆಯುವುದು ಕಡಿಮೆ ಎಂಬ ಆಲೋಚನೆ ಅದು. ಹಿರಿಯರ ನಡಿಗೆಯಲ್ಲಾಗಲಿ ನೋವಿನಲ್ಲಾಗಲಿ ಅದರ ಸ್ಪಷ್ಟ ಲಾಭ ಪ್ರಯೋಗಗಳಲ್ಲಿ ಕಂಡಿಲ್ಲ. ಹೆಚ್ಚು ಹಣವನ್ನು ಇದಕ್ಕೆ ಸುರಿಯಬೇಕಿಲ್ಲ.

ಮೂರನೆಯದೇ ನಮ್ಮ ಲೆಕ್ಕದಲ್ಲಿ ದೊಡ್ಡದು: ಬಾಲ್ ಹೊತ್ತು ತೊಡೆಮೂಳೆಯೊಳಗೆ ಇಳಿಯುವ ಲೋಹದ ಕಾಂಡವನ್ನು ಮೂಳೆಗೆ ಹಿಡಿಸುವ ಸಿಮೆಂಟ್. 2022ರ ವೈಟ್ 5 ಪ್ರಯೋಗದಲ್ಲಿ 60 ದಾಟಿದ 1,225 ಮಂದಿಗೆ ಸಿಮೆಂಟ್ ಹಾಕಿದ ಮತ್ತು ಹಾಕದ ಆಧುನಿಕ ಅರ್ಧ ಕೀಲುಗಳನ್ನು ಹೋಲಿಸಿದರು. ನಾಲ್ಕು ತಿಂಗಳಲ್ಲಿ ಸಿಮೆಂಟ್ ಗುಂಪಿನ ಬದುಕಿನ ಗುಣಮಟ್ಟ ಮೇಲಿತ್ತು. ಇಂಪ್ಲಾಂಟ್ ಸುತ್ತ ಮತ್ತೆ ಮೂಳೆ ಮುರಿದದ್ದು ಸಿಮೆಂಟ್‌ನವರಲ್ಲಿ ನೂರಕ್ಕೆ 0.5, ಇಲ್ಲದವರಲ್ಲಿ 2.1. ಟೊಳ್ಳು ಮೂಳೆಯೊಳಗೆ ಕಾಂಡವನ್ನು ಬಿಗಿಯಾಗಿ ಕೂರಿಸಲು ಬಡಿದಾಗ ಮೂಳೆ ಸೀಳುವುದು ಸಹಜ. ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ಆಸ್ಟಿನ್ ಮೂರ್ ಕಾಂಡದ ಬೇರು 1940ರ ದಶಕದ್ದು. ಅಗ್ಗ, ಬೇಗ ಮುಗಿಯುತ್ತದೆ, ಆದರೆ ಸಡಿಲವಾಗಿ ತೊಡೆನೋವು ತರುವುದು ಸಾಮಾನ್ಯ. ನೈಸ್ ಮಾರ್ಗಸೂಚಿ ಅದನ್ನು ಬಿಟ್ಟು, ಚೆನ್ನಾಗಿ ಬಾಳಿಕೆ ಬಂದ ಕಾಂಡಗಳನ್ನು ಬಳಸಿ ಎನ್ನುತ್ತದೆ.

ಸಿಮೆಂಟ್‌ಗೂ ಅಪಾಯವಿದೆ. ಒತ್ತಿ ತುಂಬುವಾಗ ಮಜ್ಜೆಯ ಕೊಬ್ಬು ರಕ್ತಕ್ಕೆ ನುಗ್ಗಿ, ಆ ಕೆಲ ನಿಮಿಷಗಳಲ್ಲಿ ರಕ್ತದೊತ್ತಡ, ಆಮ್ಲಜನಕ ಕುಸಿಯಬಹುದು. ಅಪರೂಪಕ್ಕೆ ಹೃದಯವೇ ನಿಲ್ಲುತ್ತದೆ. ತಡೆಯುವ ಕ್ರಮ ಸರಳ: ತೊಡೆಮೂಳೆಯೊಳಗಿನ ಕೊಳವೆಯನ್ನು ಸಲೈನ್‌ನಿಂದ ಚೆನ್ನಾಗಿ ತೊಳೆದು ಒಣಗಿಸುವುದು, ಕೆಳಗೆ ಬಿರಡೆ ಹಾಕುವುದು, ಗನ್‌ನಿಂದ ತಳದಿಂದ ಮೇಲಕ್ಕೆ ತುಂಬುವುದು, ತೀರಾ ಸೊರಗಿದವರಲ್ಲಿ ಜೋರಾಗಿ ಒತ್ತದಿರುವುದು, ತುಂಬುವ ಮುಂಚೆ "ಸಿಮೆಂಟ್ ಹಾಕುತ್ತಿದ್ದೇವೆ" ಎಂದು ಅರಿವಳಿಕೆ ವೈದ್ಯರಿಗೆ ಗಟ್ಟಿಯಾಗಿ ಹೇಳಿ ಅವರ ಉತ್ತರ ಕೇಳಿಸಿಕೊಳ್ಳುವುದು. ಎರಡು ಆಂಟಿಬಯಾಟಿಕ್ ಬೆರೆಸಿದ ದುಬಾರಿ ಸಿಮೆಂಟ್ ಬೇಕೇ? 4,936 ರೋಗಿಗಳ 2023ರ ವೈಟ್ 8 ಪ್ರಯೋಗದಲ್ಲಿ ಒಂದೇ ಆಂಟಿಬಯಾಟಿಕ್ ಇದ್ದ ಸಾಮಾನ್ಯ ಸಿಮೆಂಟ್‌ಗಿಂತ ಅದರಿಂದ ಆಳದ ಸೋಂಕು ಕಡಿಮೆಯಾಗಲಿಲ್ಲ.

ಟ್ರೊಕ್ಯಾಂಟರ್ ಮುರಿತಕ್ಕೆ ಪ್ಲೇಟೋ ರಾಡೋ? ಸ್ಕ್ರೂ ಕಿತ್ತುಬರುವುದು ಯಾಕೆ?

ಎರಡು ಮೂರು ತುಂಡಾಗಿ ಹೊರಗೋಡೆ ಗಟ್ಟಿಯಿದ್ದರೆ ಜಾರುವ ಸ್ಕ್ರೂ-ಪ್ಲೇಟ್ ಸಾಕು, ಅದು ಅಗ್ಗವೂ ಹೌದು. ಮುರಿದ ಗೆರೆ ಹೊರಕ್ಕೆ ಇಳಿಜಾರಾಗಿದ್ದರೆ, ಟ್ರೊಕ್ಯಾಂಟರ್‌ಗಿಂತ ಕೆಳಗೆ ಇಳಿದಿದ್ದರೆ ರಾಡ್ ಬೇಕು. ಹೊರಗೋಡೆ ತೆಳುವಾಗಿದ್ದರೂ, 2013ರ ಒಂದು ಅಧ್ಯಯನ ಗುರುತಿಸಿದ ಮಿತಿ ಸುಮಾರು 20.5 ಮಿ.ಮೀ., ಪ್ಲೇಟ್‌ಗಾಗಿ ಕೊರೆಯುವಾಗ ಅದು ಒಡೆದು ಎಲ್ಲ ಜಾರಿಹೋಗಬಹುದು.

ಸ್ಕ್ರೂ ಗುಂಡನ್ನು ಸೀಳಿಕೊಂಡು ಹೊರಬರುವುದಕ್ಕೆ ಮನೆಯವರು "ಬೇಗ ನಡೆಸಿದ್ದೇ ತಪ್ಪಾಯಿತು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಹುಪಾಲು ಕಾರಣ ಥಿಯೇಟರಿನಲ್ಲೇ ಇರುತ್ತದೆ. 1995ರಲ್ಲಿ ಬೌಮ್‌ಗಾರ್ಟ್ನರ್ ಮತ್ತು ಸಹೋದ್ಯೋಗಿಗಳು ಒಂದು ಸುಲಭ ಅಳತೆ ಕೊಟ್ಟರು. ಮುಂಭಾಗದ ಮತ್ತು ಪಕ್ಕದ ಎಕ್ಸ್‌ರೇ ಎರಡರಲ್ಲೂ ಸ್ಕ್ರೂ ತುದಿಯಿಂದ ಗುಂಡಿನ ನೆತ್ತಿಯವರೆಗಿನ ದೂರ ಅಳೆದು ಕೂಡಿಸಿ. ಸ್ಕ್ರೂವಿನ ನಿಜವಾದ ದಪ್ಪ ಗೊತ್ತಿರುವುದರಿಂದ ಎಕ್ಸ್‌ರೇಯ ಹಿಗ್ಗುವಿಕೆಯನ್ನು ಅದರಿಂದಲೇ ಸರಿಪಡಿಸಿಕೊಳ್ಳಬಹುದು. ಮೊತ್ತ 25 ಮಿ.ಮೀ. ಅಥವಾ ಕಡಿಮೆ ಇದ್ದ 120 ಸ್ಕ್ರೂಗಳಲ್ಲಿ ಒಂದೂ ಕಿತ್ತುಬರಲಿಲ್ಲ.

ಎರಡನೆಯ ಕಾರಣ ಕೂಡಿಸಿದ ರೀತಿ. ರಾಡ್ ಮೂಳೆಯನ್ನು ಕೂಡಿಸುವುದಿಲ್ಲ, ಕೂಡಿಸಿಟ್ಟದ್ದನ್ನು ಹಿಡಿದುಕೊಳ್ಳುತ್ತದೆ ಅಷ್ಟೇ. ಟೇಬಲ್ ಮೇಲೆ ಎಳೆದು ತಿರುಗಿಸಿ ಸಿ-ಆರ್ಮ್ ಎಂಬ ಥಿಯೇಟರಿನ ಎಕ್ಸ್‌ರೇ ಯಂತ್ರದ ಎರಡೂ ನೋಟದಲ್ಲಿ ನೆಟ್ಟಗಾದ ಮೇಲೆಯೇ ಚರ್ಮ ಕೊಯ್ಯಬೇಕು. ಪಕ್ಕದ ನೋಟದಲ್ಲಿ ಹಿಂದಕ್ಕೆ ಜೋತಿರುವುದನ್ನು ಬಿಟ್ಟುಬಿಡುವುದೇ ಹೆಚ್ಚು. ರಾಡ್ ಒಳಹೊಗುವ ತೂತು ಹೊರಕ್ಕೆ ಸರಿದರೆ ಗುಂಡು ಕೆಳಕ್ಕೆ ಬಾಗುತ್ತದೆ. ಎರಡು ಸ್ಕ್ರೂ ಇರುವ ಪಿಎಫ್‌ಎನ್ ಎಂಬ ರಾಡ್‌ನಲ್ಲಿ ಹೀಗಾದಾಗ ಒಂದು ಸ್ಕ್ರೂ ಹೊರಕ್ಕೆ ಜಾರಿ ಇನ್ನೊಂದು ಕೀಲಿನೊಳಗೆ ತೂರುವ "ಝಡ್ ಎಫೆಕ್ಟ್" ನಮ್ಮ ಮೂಳೆ ವೈದ್ಯರಿಗೆಲ್ಲ ಪರಿಚಿತ.

ರಕ್ತ ಕೊಡಿಸಬೇಕೇ?

ಹೃದ್ರೋಗ ಅಥವಾ ಅದರ ಅಪಾಯವಿದ್ದ 2,016 ಮಂದಿಯ ಫೋಕಸ್ ಪ್ರಯೋಗ (2011) ಹಿಮೋಗ್ಲೋಬಿನ್ 10ಕ್ಕಿಂತ ಇಳಿದಾಗ ಕೊಡುವುದಕ್ಕೂ 8ಕ್ಕಿಂತ ಇಳಿದಾಗ ಅಥವಾ ಲಕ್ಷಣ ಕಂಡಾಗ ಮಾತ್ರ ಕೊಡುವುದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಟ್ರೊಕ್ಯಾಂಟರ್ ಮುರಿತದಲ್ಲಿ ತೊಡೆಯೊಳಗೆ ರಕ್ತ ಅಡಗಿ ಸೋರುತ್ತದೆ, ಆಪರೇಷನ್ ಮರುದಿನ ಮತ್ತೆ ಪರೀಕ್ಷಿಸಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಕೊಟ್ಟರೆ ರಕ್ತದ ಅಗತ್ಯ ಕಡಿಮೆಯಾಗುತ್ತದೆ.

ಆಪರೇಷನ್ ಆದ ರಾತ್ರಿ ಅಜ್ಜಿ ಏನೇನೋ ಮಾತಾಡುತ್ತಿದ್ದಾರೆ, ಗುರುತೂ ಹಿಡಿಯುತ್ತಿಲ್ಲ. ತಲೆಗೆ ಏಟಾಗಿದೆಯೇ?

ಬೀಳುವಾಗ ತಲೆ ಬಡಿದಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ಇದ್ದರೆ, ಸಿಟಿ ಮಾಡಿಸಬೇಕು. ಇಲ್ಲದಿದ್ದರೆ ಇದು ಡೆಲಿರಿಯಮ್, ಹಳಬರು ಸನ್ನಿ ಎನ್ನುತ್ತಿದ್ದದ್ದು. ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಗೋಡೆ ನೋಡುತ್ತ ಮಲಗಿ ಊಟ ಬಿಟ್ಟವರಲ್ಲೂ ಇದೇ ಇರುತ್ತದೆ, ಯಾರೂ ಕಾಣುವುದಿಲ್ಲ. ಕಾರಣ ಹುಡುಕುವ ಸರದಿ ಹೀಗಿರಲಿ: ನೋವು, ಮೂತ್ರ ಕಟ್ಟಿರುವುದು, ಮಲಬದ್ಧತೆ, ಆಮ್ಲಜನಕ, ಸೋಡಿಯಂ, ಸಕ್ಕರೆ, ಸೋಂಕು, ಹೊಸದಾಗಿ ಶುರುಮಾಡಿದ ಔಷಧಿ. ನಿದ್ದೆ ಇಂಜೆಕ್ಷನ್ ಕೊಟ್ಟು ಕೈಕಾಲು ಕಟ್ಟಿದರೆ ಹೆಚ್ಚಾಗುತ್ತದೆ. ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ ಹಾಕಿಸಿ, ಹಗಲಲ್ಲಿ ಕಿಟಕಿ ಬಳಿ ಕೂರಿಸಿ, ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಮೂತ್ರದ ಕೊಳವೆಯನ್ನು ಆದಷ್ಟು ಬೇಗ ತೆಗೆಸಿ. ವೃದ್ಧರೋಗ ತಜ್ಞರೂ ಸೇರಿ ನೋಡಿಕೊಳ್ಳುವ ಪ್ರತ್ಯೇಕ ವಾರ್ಡಿನಲ್ಲಿ ಇಟ್ಟವರು ನಾಲ್ಕು ತಿಂಗಳ ನಂತರ ಹೆಚ್ಚು ಚೆನ್ನಾಗಿ ನಡೆದಾಡಿದರೆಂದು ನಾರ್ವೆಯ ಟ್ರಾಂಡ್‌ಹೈಮ್‌ನ 397 ರೋಗಿಗಳ ಪ್ರಯೋಗ 2015ರಲ್ಲಿ ತೋರಿಸಿತು. ನಮ್ಮಲ್ಲಿ ಅಂಥ ವಾರ್ಡ್ ಅಪರೂಪ. ಕನಿಷ್ಠ ಒಬ್ಬ ಫಿಸಿಷಿಯನ್ ದಿನಾ ನೋಡಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಯಾವಾಗ ಕಾಲೂರಬಹುದು? ಮನೆಯಲ್ಲಿ ಏನೆಲ್ಲ ಬದಲಿಸಬೇಕು?

ಮರುದಿನವೇ, ಪೂರ್ತಿ ಭಾರ ಹಾಕಿ, ವಾಕರ್ ಹಿಡಿದು. "ಆರು ವಾರ ಕಾಲೂರಬೇಡಿ" ಎಂದು ಹಿರಿಯರಿಗೆ ಹೇಳುವುದು ನಡೆಯಬೇಡಿ ಎಂದಂತೆಯೇ, ಒಂಟಿಕಾಲಲ್ಲಿ ಕುಪ್ಪಳಿಸುವ ತೋಳ್ಬಲ ಅವರಿಗಿರುವುದಿಲ್ಲ. ಮುರಿತ ತೀರಾ ನುಚ್ಚಾಗಿದ್ದರೆ ಸರ್ಜನ್ ಬೇರೆ ಹೇಳಿಯಾರು, ಆಗ ಕಾರಣ ಕೇಳಿ ತಿಳಿಯಿರಿ. ಏಳಿಸುವ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಡಿ. ಮೊದಲು ಹಾಸಿಗೆಯ ಅಂಚಿನಲ್ಲಿ ಐದು ನಿಮಿಷ ಕಾಲು ಇಳಿಬಿಟ್ಟು ಕೂರಿಸಿ, ತಲೆ ತಿರುಗದಿದ್ದರೆ ನಿಲ್ಲಿಸಿ. ವಾಕರ್ ಮುಂದೆ, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು.

ಬಾಲ್ ಹಾಕಿದವರಿಗೆ, ಅದರಲ್ಲೂ ಹಿಂಬದಿಯಿಂದ ಕೀಲು ತೆರೆದಿದ್ದರೆ, ಮೊದಲ ಮೂರು ತಿಂಗಳು ಬಾಲ್ ಕಳಚಿಕೊಳ್ಳುವ ಭಯವಿದೆ. ತೊಡೆಯನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಡಚಿದ ಕಾಲನ್ನು ಒಳಕ್ಕೆ ತಿರುಗಿಸಬಾರದು. ನಮ್ಮ ಮನೆಗಳಲ್ಲಿ ಇದರರ್ಥ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಂತಿಲ್ಲ, ಇಂಡಿಯನ್ ಪಾಯಿಖಾನೆ ಬಳಸುವಂತಿಲ್ಲ, ಮಣೆಯ ಮೇಲೆ ಕೂತು ಸ್ನಾನವಿಲ್ಲ, ನೆಲದ ಹಾಸಿಗೆಯಿಲ್ಲ, ಬಾಗಿ ಚಪ್ಪಲಿ ಎತ್ತುವಂತಿಲ್ಲ. ಡಿಸ್ಚಾರ್ಜ್‌ಗೆ ಮುಂಚೆಯೇ ಕಮೋಡ್ ಚೇರ್, ಮಂಡಿಗಿಂತ ಎತ್ತರದ ಗಟ್ಟಿ ಕುರ್ಚಿ, ಬಚ್ಚಲ ಗೋಡೆಗೆ ಹಿಡಿಕೆ ಸಿದ್ಧಮಾಡಿ. ರಾಡ್ ಅಥವಾ ಪ್ಲೇಟ್ ಹಾಕಿದವರಿಗೆ ಬಾಲ್ ಕಳಚುವ ಪ್ರಶ್ನೆಯಿಲ್ಲ, ನೋವು ಬಿಟ್ಟಷ್ಟು ಮಡಚಬಹುದು.

ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಎನೊಕ್ಸಪರಿನ್, ಸಾಮಾನ್ಯವಾಗಿ ದಿನಕ್ಕೆ 40 ಮಿ.ಗ್ರಾಂ., ಸುಮಾರು 4ರಿಂದ 5 ವಾರ ಮುಂದುವರಿಯುತ್ತದೆ. ಮೂತ್ರಪಿಂಡ ಸೋತವರಿಗೆ ಪ್ರಮಾಣ ಕಡಿಮೆ. ಮಲಗಿದ್ದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೆ ಟವೆಲ್ ಸುರುಳಿ ಇಡಿ. ಊಟದಲ್ಲಿ ಗಂಜಿ, ತಿಳಿಸಾರು ಮಾತ್ರ ಕೊಡುವ ವಾಡಿಕೆ ಬಿಡಿ: ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ.ಯವರಿಗೆ 60ರಿಂದ 75 ಗ್ರಾಂ ಆಯಿತು. ಮೊಟ್ಟೆ, ಮೀನು, ಹಾಲು ಮೊಸರು, ಗಟ್ಟಿ ಬೇಳೆ, ಕಾಳುಪಲ್ಯ ಎಲ್ಲ ಸೇರಿದರೂ ಕಷ್ಟಪಟ್ಟು ಮುಟ್ಟುವ ಅಂಕಿ ಅದು. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿ ನಿರ್ಧರಿಸಲಿ.

ಗಾಯ ಸೋರುವುದು, ಜ್ವರ, ಒಂದು ಕಾಲಷ್ಟೇ ಊದುವುದು, ಹಠಾತ್ ಉಬ್ಬಸ, ನಡೆಯುತ್ತಿದ್ದವರಿಗೆ ಒಮ್ಮೆಲೇ ತೊಡೆಸಂದಿನಲ್ಲಿ ನೋವು ಅಥವಾ ಕಾಲು ಗಿಡ್ಡವಾದದ್ದು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ.

ತೀರಾ ಹಣ್ಣಾದವರು, ಮೊದಲೇ ಹಾಸಿಗೆ ಹಿಡಿದವರು. ಅವರಿಗೂ ಆಪರೇಷನ್ ಮಾಡಿಸಲೇಬೇಕೆ?

ಬರೀ ವಯಸ್ಸು ನೋಡಿ ಬೇಡವೆನ್ನಬಾರದು. ಆದರೆ ಕೊನೆಯ ಹಂತದ ಮರೆವು, ಮುಗಿಯುತ್ತ ಬಂದ ಆಯುಷ್ಯ ಇದ್ದವರಲ್ಲಿ ಬೇಡವೆನ್ನುವುದೂ ಒಂದು ಗೌರವದ ನಿರ್ಧಾರ. ನೆದರ್ಲ್ಯಾಂಡ್ಸ್‌ನ 2022ರ ಅಧ್ಯಯನವೊಂದರಲ್ಲಿ ಆರೈಕೆ ಕೇಂದ್ರಗಳಲ್ಲಿದ್ದ 172 ಸೊರಗಿದ ಹಿರಿಯರ ಕುಟುಂಬಗಳ ಜೊತೆ ಕೂತು ಮಾತಾಡಿದರು. ಅರ್ಧದಷ್ಟು ಮಂದಿ ಆಪರೇಷನ್ ಬೇಡವೆಂದು ನೋವು ಶಮನದ ಆರೈಕೆ ಆರಿಸಿಕೊಂಡರು. ಅವರ ಬದುಕಿನ ಗುಣಮಟ್ಟ ಆಪರೇಷನ್ ಆದವರಿಗಿಂತ ಕಡಿಮೆಯೇನೂ ಇರಲಿಲ್ಲ. ಆಪರೇಷನ್ ಬೇಡವೆಂದವರಲ್ಲಿ ಹೆಚ್ಚಿನವರು ಬೇಗ ತೀರಿಕೊಂಡರು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಈ ದಾರಿ ಹಿಡಿದರೆ ನರದ ಬ್ಲಾಕ್, ಮಾರ್ಫಿನ್ ಸಿಗುವ ವ್ಯವಸ್ಥೆ ಆಗಲೇಬೇಕು, ಸುಮ್ಮನೆ ಮನೆಗೆ ಕರೆದೊಯ್ಯುವುದಲ್ಲ.

ಮೂಳೆ ಕೂಡಿದ ಮೇಲೆ ರಾಡ್ ತೆಗೆಸಬೇಕೆ? ಮುಂದೆ ಎಂಆರ್‌ಐ ಮಾಡಿಸಬಹುದೇ?

ತೊಂದರೆ ಕೊಡದಿದ್ದರೆ ತೆಗೆಸಬೇಡಿ. ಎಂಆರ್‌ಐ ಬಹುತೇಕ ಮಾಡಿಸಬಹುದು, ಇಂಪ್ಲಾಂಟ್ ಸ್ಟಿಕರ್ ಇರುವ ಕಾಗದ ತೋರಿಸಿ.

ಇನ್ನೊಂದು ಕಡೆಯೂ ಮುರಿಯದಂತೆ ಏನು ಮಾಡಬೇಕು?

ಅತಿ ಹೆಚ್ಚು ಮರೆತುಹೋಗುವ ಭಾಗ ಇದು. ನಿಂತ ಎತ್ತರದಿಂದ ಬಿದ್ದು ಸೊಂಟದ ಕೀಲು ಮುರಿದರೆ ಅದೇ ಆಸ್ಟಿಯೊಪೊರೋಸಿಸ್‌ನ, ಅಂದರೆ ಮೂಳೆ ಟೊಳ್ಳಾಗಿರುವುದರ, ಸಾಕ್ಷಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಸಿಗಲಿಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಕಿಲ್ಲ. 2007ರ ಹೊರೈಜನ್ ಪ್ರಯೋಗದಲ್ಲಿ 2,127 ಮಂದಿಗೆ ಆಪರೇಷನ್ ಆದ 90 ದಿನದೊಳಗೆ ಮೂಳೆ ಗಟ್ಟಿಯಾಗಿಸುವ ಜೊಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಅಥವಾ ಹುಸಿ ಔಷಧಿ ಕೊಟ್ಟು ವರ್ಷಕ್ಕೊಮ್ಮೆ ಮುಂದುವರಿಸಿದರು. ಔಷಧಿ ಪಡೆದವರಲ್ಲಿ ಹೊಸ ಮುರಿತ ನೂರಕ್ಕೆ 35ರಷ್ಟು, ಸಾವು 28ರಷ್ಟು ಕಡಿಮೆ.

ಕೊಡುವ ಕ್ರಮದಲ್ಲಿ ಎಡವಬಾರದು. ಮೊದಲು ವಿಟಮಿನ್ ಡಿ ಕೊರತೆ ತುಂಬಿಸಬೇಕು. ನಮ್ಮಲ್ಲಿ ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಕೊಡುವುದು ರೂಢಿ, ಎಷ್ಟು ವಾರವೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೊರತೆಯಿರುವಾಗಲೇ ಇಂಜೆಕ್ಷನ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುತ್ತವೆ. ಮೂತ್ರಪಿಂಡದ ಸಾಮರ್ಥ್ಯ ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕಡಿಮೆ ಇದ್ದರೆ ಈ ಔಷಧಿ ಬೇಡ, ಬೇರೆ ಇವೆ. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ 5 ಮಿ.ಗ್ರಾಂ. ಅನ್ನು 15 ನಿಮಿಷಕ್ಕಿಂತ ಬೇಗ ಹರಿಸದೆ ಕೊಡಬೇಕು. ಮುಂಚೆ ಎರಡು ಲೋಟ ನೀರು ಕುಡಿಸಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಸಾಮಾನ್ಯ, ಪ್ಯಾರಸಿಟಮಾಲ್ ಸಾಕು. ಕೀಳಬೇಕಾದ ಹಲ್ಲಿದ್ದರೆ ಇಂಜೆಕ್ಷನ್‌ಗೆ ಮುಂಚೆಯೇ ಕೀಳಿಸಿ.

ಜೊತೆಗೆ ಬಿದ್ದ ಕಾರಣವನ್ನೂ ಹುಡುಕಬೇಕು. ಮಲಗಿದಾಗ ಮತ್ತು ಎದ್ದು ನಿಂತ ಮೂರು ನಿಮಿಷದ ನಂತರ ಬಿಪಿ ನೋಡಿ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆಗಳನ್ನು ವೈದ್ಯರು ಮರುಪರಿಶೀಲಿಸಲಿ. ನಿದ್ದೆ ಮಾತ್ರೆ ಬಿಡಿಸಲು ಸಾಧ್ಯವೇ ಕೇಳಿ, ಕಣ್ಣಿನ ಪೊರೆ ತೆಗೆಸಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯಲಿ, ನಡುವೆ ಚಾಪೆ, ವೈರು ಇರದಿರಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಪ್ಲಾಂಟ್ ಹೆಸರು, ಸಿಮೆಂಟ್ ಹಾಕಿದರೋ ಇಲ್ಲವೋ, ಭಾರ ಹಾಕುವ ಸೂಚನೆ ಮತ್ತು ಮೂಳೆ ಗಟ್ಟಿಯಾಗಿಸುವ ಔಷಧಿಯ ಮುಂದಿನ ತಾರೀಕು ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ.